ಬಾರಾ ಅಂದರೆ ಹನ್ನೆರಡು

"ಕುಸಿನಿ ಮನೇಲಿ ಡಿಗ್ರಿ ಹುಟ್ಟಲ್ಲ ಕಣಮ್ಮ" ಅಂದವರು ನಮ್ಮ ದೊಡ್ಡಪ್ಪ, ಅಪ್ಪನ ಒಡಹುಟ್ಟಿದ ಅಣ್ಣ. ಅಪ್ಪನ ತಿಥಿಯ ದಿನ ಎಲೆಯ ಮುಂದೆ ಕೂತು, ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಾ ಅಮ್ಮನಿಗೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಈ ಸಲ ಮಳೆ ಬರಲ್ಲ ಅನ್ನುವಷ್ಟು ಸಲೀಸಾಗಿ ಹೇಳಿ, ಮಜ್ಜಿಗೆಗೆ ಕೈ ತೋರಿಸಿದರು. ಆ ಮಾತನ್ನು ನಾನು ಮರೆತಿರಲಿಲ್ಲ, ಹಾಗಂತ ದಿನಾ ನೆನೆಯುತ್ತಲೂ ಇರಲಿಲ್ಲ. ಕಳೆದ ತಿಂಗಳು ಒಂದು ವಾಸನೆ ಅದನ್ನು ಎಳೆದು ತಂದು ಎದುರಿಗೆ ನಿಲ್ಲಿಸಿತು. ಗೌರಿಬಿದನೂರಿನ ಹತ್ತಿರ ತಿಂಡಿ ತಯಾರಿಸುವ ಒಂದು ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ನನಗೆ ಕೆಲಸ. ಒಣದ್ರಾಕ್ಷಿಯ ಸ್ಯಾಂಪಲ್ಲನ್ನು ಬಿಸಿನೀರಿಗೆ ಹಾಕಿ ಇಟ್ಟಿದ್ದೆ. ಜೊತೆಗೆ ಕೆಲಸ ಮಾಡುವ ಹುಡುಗಿ ತನ್ನ ಟೀ ಲೋಟವನ್ನು ಅದರ ಪಕ್ಕಕ್ಕೇ ತಂದಿಟ್ಟಳು. ಹಾಲಿಲ್ಲದ, ಕಡುಗಪ್ಪು ಟೀ. ದ್ರಾಕ್ಷಿಯ ಹಬೆಯೂ ಟೀಯ ಹಬೆಯೂ ಗಾಳಿಯಲ್ಲಿ ಸೇರಿದವು ನೋಡಿ, ನನಗೆ ಕೈಯಲ್ಲಿದ್ದ ಕೆಲಸ ನಿಂತೇ ಹೋಯಿತು. ಆ ವಾಸನೆಯ ಹಿಂದೆ ಇನ್ನೆರಡು ವಾಸನೆ ಬರಬೇಕಿತ್ತು: ತೇಯ್ದ ಜಾಯಿಕಾಯಿಯದು, ಆಮೇಲೆ ಕೆಂಡದ ಮೇಲೆ ಕಾಯುವ ತಗಡಿನ ಡಬ್ಬದ್ದು. ಅವು ಬರಲಿಲ್ಲ. ಬರುವುದಕ್ಕೆ ಆ ಮನೆಯೇ ಇಲ್ಲ.

ಕುಸಿನಿ ಅಂದರೆ ಬಂಗಲೆಯ ಅಡಿಗೆಮನೆ. ದೊರೆಗಳ ಕಾಲದಲ್ಲಿ ಬಾಯಲ್ಲಿ ಓಡಾಡುತ್ತಿದ್ದ ಪದ. ನಮ್ಮ ಪಾಲಿಗೆ ಅದು ಮನೆಯ ಹೆಸರಾಗಿ ಉಳಿದುಬಿಟ್ಟಿತು. ಚಿಂತಾಮಣಿಯ ಹಳೇ ಬೀದಿಯೊಂದರಲ್ಲಿ ನಮ್ಮದು ಹೆಂಚಿನ ಮನೆ. ವಿಳಾಸ ಕೇಳಿದವರಿಗೆ ಬೀದಿಯವರು "ಕುಸಿನಿ ಮುನಿಶಾಮಪ್ಪನ ಮನೇನಾ?" ಅನ್ನುತ್ತಿದ್ದರು. ಮುನಿಶಾಮಪ್ಪ ನಮ್ಮ ತಾತ, ಅಪ್ಪನ ತಂದೆ. ಸಾದಲಿ ಕಡೆಯ ಹೊಲ ಗದ್ದೆ ಇದ್ದ ಮನೆತನದಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಕ್ಷಯ ಬಂತು. ಕೆಮ್ಮಿದರೆ ರಕ್ತ. ಅಣ್ಣಂದಿರು ಗಾಡಿಯಲ್ಲಿ ಮಲಗಿಸಿಕೊಂಡು ಬಂದು ಚಿಂತಾಮಣಿ ಕಡೆಯ ಒಂದು ಸಣ್ಣ ಮಿಷನ್ ದವಾಖಾನೆಯ ಜಗಲಿಯ ಮೇಲೆ ಇಳಿಸಿ ಹೋದರು. ನೋಡಲಿಕ್ಕೆ ಯಾರೂ ತಿರುಗಿ ಬರಲಿಲ್ಲ. ತಾತ ಸಾಯಲಿಲ್ಲ. ಬದುಕಿದ ಮೇಲೆ ಊರಿಗೆ ಹೋದರೆ ಹಟ್ಟಿಯ ಹೊರಗೆ ಎಲೆ ಹಾಕಿದರಂತೆ. ಎಲೆ ಮಡಿಚಿಟ್ಟು, ಬಂದ ದಾರಿಯಲ್ಲೇ ವಾಪಸ್ಸು ಬಂದು ದವಾಖಾನೆಯ ಪಾತ್ರೆ ತೊಳೆಯಲು ನಿಂತರು. ಪಾತ್ರೆಯಿಂದ ಒಲೆಗೆ, ಒಲೆಯಿಂದ ಬಂಗಲೆಯ ಕುಸಿನಿಗೆ. ದೊರೆಸಾನಿಗೆ ದನದ ಮಾಂಸ ಬೇಯಿಸುತ್ತಾನೆ ಅನ್ನುವ ಸುದ್ದಿ ಸಾದಲಿಗೆ ತಲುಪಲು ಹೊತ್ತು ಬೇಕಾಗಲಿಲ್ಲ. ಅಲ್ಲಿಗೆ ನೆಂಟಸ್ತಿಕೆ ಮುಗಿಯಿತು. ನಮ್ಮ ಮನೆಯಲ್ಲಿ ನೀರು ಮುಟ್ಟದ ನೆಂಟರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ದೊಡ್ಡಪ್ಪನಿಗೆ ಗೊತ್ತುಮಾಡಿದ್ದ ಹೆಣ್ಣು ಇದೇ ಕಾರಣಕ್ಕೆ ತಪ್ಪಿಹೋಯಿತು. ಅವರು ಮನೆ ಬಿಟ್ಟು ಸಾದಲಿಯ ತಮ್ಮ ದೊಡ್ಡಪ್ಪಂದಿರ ಜೊತೆ ಸೇರಿಕೊಂಡರು. ಅಲ್ಲಿಂದ ಮುಂದೆ ತಾತ ಮುಟ್ಟಿದ ಒಂದು ತುತ್ತನ್ನೂ ಬಾಯಿಗೆ ಹಾಕಲಿಲ್ಲ. ಅಪ್ಪನ ತಿಥಿಯ ದಿನವೂ ಅವರು ಉಂಡದ್ದು ಹೊರಗಿನಿಂದ ಕರೆಸಿದ ಅಡಿಗೆಯವರ ಕೈಯಡಿಗೆ.

ಆ ಬಂಗಲೆಯಲ್ಲಿದ್ದ ದೊರೆಸಾನಿ ಒಬ್ಬಳು ನರ್ಸು. ಗ್ವೆನ್ ಅಂತ ಹೆಸರು. ಅದು ನಮ್ಮ ಕಡೆಯ ಯಾರ ನಾಲಿಗೆಗೂ ಹೊರಳದೆ ಗುಣಮ್ಮ ಆಗಿತ್ತು. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಅವಳು ತನ್ನ ದೇಶಕ್ಕೆ ಹೊರಟುಹೋಗಿದ್ದಳು. ಆದರೂ ನಮ್ಮ ಮನೆಯಲ್ಲಿ ದಿನಕ್ಕೊಂದು ಸಲವಾದರೂ ಅವಳ ಮಾತು ಬರುತ್ತಿತ್ತು, ಸೋದರತ್ತೆಯ ಮಾತು ಬಂದ ಹಾಗೆ. "ಗುಣಮ್ಮ ಇಂಗ್ಲೆಂಡಿನೋಳಲ್ಲ, ವೇಲ್ಸಿನೋಳು. ಇಂಗ್ಲೆಂಡು ಅಂದ್ರೆ ಮುಖ ಊದಿಸ್ಕೋತಾ ಇದ್ಲು" ಅಂತ ತಾತ ಹೇಳುತ್ತಿದ್ದರು. ಈ ವಿದ್ಯೆಯನ್ನು ಶಾಲೆಯಲ್ಲಿ ತೋರಿಸಲು ಹೋಗಿ ನಾನು ನಗೆಪಾಟಲಾದೆ. "ವೇಲ್ಸಾ? ಚೂಡಿದಾರ್ ಮೇಲೆ ಹಾಕ್ಕೋತಾರಲ್ಲ, ಆ ವೇಲಾ?" ಅಂತ ಹುಡುಗಿಯರು ನನ್ನ ದುಪಟ್ಟ ಎಳೆದರು. ತಾತ ನಗಲಿಲ್ಲ. "ಅವ್ಳ ದೇಶಾನೂ ಹಂಗೇ ತಲ್ಲಿ, ಇಂಗ್ಲೆಂಡಿನ ಹೆಗಲ ಮೇಲೆ ಬಿದ್ದಿರೋ ಚಿಕ್ಕ ತುಂಡು. ಅವ್ಳ ಜನಾನ ಇಂಗ್ಲಿಷಿನೋರು ಆಡ್ಕೊಳ್ಳೋರು" ಅಂದರು. ಆಡಿಕೊಂಡದ್ದಕ್ಕೆ ಸಾಕ್ಷಿಯಾಗಿ ಒಂದು ತಿಂಡಿಯನ್ನೇ ಹೇಳುತ್ತಿದ್ದರು. ಸುಟ್ಟ ಬ್ರೆಡ್ಡಿನ ಮೇಲೆ ಚೀಸು ಕರಗಿಸಿದ್ದು, ಹೆಸರು ಮಾತ್ರ ವೆಲ್ಷ್ ರ‍್ಯಾಬಿಟ್ಟು. ಮೊಲ ಅದರಲ್ಲಿ ಎಲ್ಲೂ ಇಲ್ಲ. ಮೊಲ ಕೊಳ್ಳುವ ಶಕ್ತಿ ಇಲ್ಲದ ವೇಲ್ಸಿನ ಬಡವರಿಗೆ ಇದೇ ಮೊಲ ಅಂತ ಇಂಗ್ಲಿಷಿನವರು ಅಣಕಿಸಿ ಇಟ್ಟ ಹೆಸರಂತೆ. ಸಾದಲಿಯ ನೆಂಟರಿಗೆ ಈ ಹೆಸರೂ ಹೇಗೋ ಕಿವಿಗೆ ಬಿದ್ದು, ಮುನಿಶಾಮ ಮೊಲಾನೂ ಬೇಯಿಸ್ತಾನೆ ಅಂತ ಇನ್ನೊಂದು ಆಪಾದನೆ ಸೇರಿಕೊಂಡಿತು. ಇಲ್ಲದ ಮೊಲಕ್ಕೆ ಎರಡು ದೇಶದಲ್ಲಿ ಬೈಸಿಕೊಂಡರು ಬಡವರು.

ಗುಣಮ್ಮನ ಅಪ್ಪ ಕಲ್ಲಿದ್ದಲ ಗಣಿಯಲ್ಲಿ ಇಳಿಯುತ್ತಿದ್ದವನು. ಗಣಿಯವರು ತಗಡಿನ ಡಬ್ಬಿಯಲ್ಲಿ ಬ್ರೆಡ್ಡು, ಚೀಸು ತುಂಬಿಕೊಂಡು ಕತ್ತಲೊಳಕ್ಕೆ ಹೋಗೋರಂತೆ. ಮನೆಯಲ್ಲಿ ಹೆಂಗಸರು ವಾರಕ್ಕೊಂದು ಸಲ ಒಲೆಗೂಡು ಹೊತ್ತಿಸಿ ಇಡೀ ವಾರದ ಬ್ರೆಡ್ಡು ಸುಡೋರು. ಕೊನೆಗೆ ಉಳಿದ ಹಿಟ್ಟಿಗೆ ಒಂದು ಹಿಡಿ ಒಣಹಣ್ಣು ಸೇರಿಸಿ, ಆರುತ್ತಿರುವ ಕಾವಿನಲ್ಲಿ ಇಟ್ಟರೆ ಅದೇ ಹಬ್ಬ. ಕಬ್ಬಿಣದ ದಪ್ಪ ಹೆಂಚಿನ ಮೇಲೆ ಚಿಕ್ಕ ಚಿಕ್ಕ ದ್ರಾಕ್ಷಿ ಬಿಲ್ಲೆಗಳನ್ನು ಸುಡುತ್ತಿದ್ದರು. ನಮ್ಮ ರೊಟ್ಟಿ ಹೆಂಚನ್ನು ಮೊದಲ ಸಲ ನೋಡಿದಾಗ ಗುಣಮ್ಮ ಅದನ್ನು ಎದೆಗೆ ಅವಚಿಕೊಂಡು ಮಸಿ ಮಾಡಿಕೊಂಡಳಂತೆ. ಹಬ್ಬದ ದಿನ ಈರುಳ್ಳಿ ಜಾತಿಯ ದಂಟನ್ನು ಟೋಪಿಗೆ ಸಿಕ್ಕಿಸಿಕೊಂಡು ಚರ್ಚಿಗೆ ಹೋಗುತ್ತಾರೆ ಅಂದಾಗ ಅಪ್ಪ, "ನಾವು ಹೂ ಮುಡಿಯಲ್ವಾ, ಅವರು ಸಾರಿಗೆ ಹಾಕೋದನ್ನೇ ಮುಡೀತಾರೆ" ಅಂದಿದ್ದರು. ಅಮ್ಮನಿಗೆ ಒಂದೇ ಒಂದು ಸಂಗತಿ ಸಹಿಸಲಾಗುತ್ತಿರಲಿಲ್ಲ. ಸಮುದ್ರದ ಬಂಡೆಯ ಮೇಲಿನ ಪಾಚಿಯನ್ನು ಬಿಡಿಸಿ, ಗಂಟೆಗಟ್ಟಲೆ ಬೇಯಿಸಿ, ಹಿಟ್ಟಲ್ಲಿ ಹೊರಳಿಸಿ ಕರಿದು ತಿನ್ನುತ್ತಾರೆ ಅನ್ನುವುದು. "ಪಾಚೀನಾ? ಕೆರೆ ಮೆಟ್ಲು ಮೇಲೆ ಕಾಲು ಜಾರ್ತದಲ್ಲ, ಅದಾ? ಮಾವ, ಊಟದ ಹೊತ್ತಲ್ಲಿ ಹೇಳಬೇಡಿ." ತಾತ ಬೇಕೆಂದೇ ಊಟದ ಹೊತ್ತಲ್ಲಿ ಹೇಳುತ್ತಿದ್ದರು.

ಆ ಒಣಹಣ್ಣಿನ ಬ್ರೆಡ್ಡಿನ ಹೆಸರೇ ಬಾರಾ ಬ್ರಿತ್. ಗುಣಮ್ಮ ಕೈಯಾರೆ ಮಾಡಿ ಕಲಿಸಿದ್ದು. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ, ತಾತನಿಗೆ ಇಂಗ್ಲಿಷು ಅದಕ್ಕಿಂತ ಕಡಿಮೆ. ಇಬ್ಬರ ನಡುವೆ ಸಂತೆಯ ಉರ್ದು, ತೆಲುಗು, ಕೈಸನ್ನೆ ಎಲ್ಲ ಕಲೆಸಿಕೊಂಡು ಮಾತು ನಡೆಯುತ್ತಿತ್ತು. ಬ್ರಿತ್ ಅಂದರೆ ಬ್ರೆಡ್ಡೇ ಇರಬೇಕು, ಅನುಮಾನವೇ ಇಲ್ಲ. ಬಾರಾ ಅಂದರೆ? ಚಿಂತಾಮಣಿಯಲ್ಲಿ ಅದಕ್ಕೂ ಅನುಮಾನವಿಲ್ಲ. ಪಕ್ಕದ ಮನೆಯ ಖಾಲಾ, ನಾನು ಹುಟ್ಟಿದಾಗ ಎತ್ತಿಕೊಂಡ ಮುದುಕಿ, ಗೋಡೆಯ ಆಚೆಯಿಂದಲೇ ಹೇಳೋಳು: "ಬಾರಾ ಬೋಲೆ ತೋ ಹನ್ನೆರಡು. ಚಿಕ್ಕ ಮಗೂಗೂ ಗೊತ್ತೈತೆ." ಹಾಗಾಗಿ ಅದು ಹನ್ನೆರಡರ ಬ್ರೆಡ್ಡು. ಹನ್ನೆರಡು ಪದಾರ್ಥ ಬೀಳಲೇಬೇಕು. ಒಂದು ಕಡಿಮೆಯಾದರೂ ಅದು ಬರೀ ಕೇಕು ಅನ್ನುವುದು ತಾತನ ಕಾನೂನು. ಮೈದಾ, ಬೆಲ್ಲ, ಬೆಣ್ಣೆ, ಮೊಟ್ಟೆ, ಸೋಡಾ, ಹಿಂದಿನ ಸಂಜೆಯೇ ಟೀ ಡಿಕಾಕ್ಷನ್ನಿನಲ್ಲಿ ನೆನೆಹಾಕಿದ ದ್ರಾಕ್ಷಿ, ಒಣಗಿಸಿದ ಕಿತ್ತಳೆ ಸಿಪ್ಪೆ, ಜಾಯಿಕಾಯಿ, ಚಕ್ಕೆ, ಲವಂಗ. ಟೀಯನ್ನೂ ಬೇರೆಯಾಗಿ ಎಣಿಸಿದರೆ ಹನ್ನೊಂದಾಗುತ್ತಿತ್ತು. ಅಲ್ಲಿಗೆ ಬಂದು ತಾತನ ಲೆಕ್ಕ ನಿಂತುಬಿಡೋದು. ಅವರು ಹಿಟ್ಟಿನ ಕೈ ಮೇಲಕ್ಕೆತ್ತಿಕೊಂಡು, "ಹನ್ನೆರಡನೇದು ಯಾರದು ಇವತ್ತು?" ಅಂತ ಕೂಗೋರು.

ಹನ್ನೆರಡನೆಯದು ಮನೆಯವರದು. ಸರದಿಯ ಪ್ರಕಾರ ಒಬ್ಬೊಬ್ಬರು ತಮಗೆ ತೋಚಿದ್ದನ್ನು ತಂದು ಹಾಕಬೇಕು, ಏನು ಅಂತ ಬಾಯಿಬಿಡಬಾರದು, ತಿನ್ನುವಾಗ ಉಳಿದವರು ಹೇಳಬೇಕು. ಅಮ್ಮ ಹುರಿದ ಎಳ್ಳು ಹಾಕುತ್ತಿದ್ದಳು. ನಾನೊಂದು ಸಲ ನಿಂಬೆಹುಳಿ ಪೆಪ್ಪರಮೆಂಟು ಕುಟ್ಟಿ ಹಾಕಿದ್ದೆ. ಅಪ್ಪ ಕಣ್ಣು ಮುಚ್ಚಿ ಅಗಿಯುತ್ತಾ, "ಯಾರೋ ಅಂಗಡೀಗೆ ಹೋಗಿ ಬಂದವರೆ" ಅಂದರು. ಅಪ್ಪನ ಸರದಿಯಲ್ಲಿ ಮಾತ್ರ ಊಹಿಸುವ ಕಷ್ಟವಿರಲಿಲ್ಲ. ಹಿಪ್ಪುನೇರಳೆ ತೋಟದ ಬೇಲಿಯಲ್ಲಿ ಕಪ್ಪಗೆ ಮಾಗಿದ ಹಣ್ಣನ್ನು ಟವೆಲ್ಲಿನ ತುದಿಯಲ್ಲಿ ಕಟ್ಟಿಕೊಂಡು ಬಂದು, ಸೂರಿನ ಹೆಂಚಿನ ಮೇಲೆ ಒಣಗಿಸಿ ಇಟ್ಟಿರುತ್ತಿದ್ದರು. ಹುಳುವಿಗೆ ಎಲೆ, ನಮಗೆ ಹಣ್ಣು ಅನ್ನೋರು. ಡಬ್ಬವನ್ನು ಹಿತ್ತಲಿನ ಒಲೆಯಲ್ಲಿ ಮರಳಿನ ಮೇಲೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ, ತಾತ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತರೆ ಎಬ್ಬಿಸುವವರಿರಲಿಲ್ಲ. ವಾಸನೆ ಗೋಡೆ ಹಾರಿ ಖಾಲಾಳ ಮನೆಗೆ ಹೋಗುತ್ತಿತ್ತು. ಅವಳ ಪಾಲು ಮೊದಲೇ ಎತ್ತಿಡುವುದು. ನೆಂಟರು ಮುಟ್ಟದ ಬ್ರೆಡ್ಡನ್ನು ಆ ಮುದುಕಿ ಎರಡು ಕೈಯಲ್ಲೂ ಇಸಿದುಕೊಂಡು ಕಣ್ಣಿಗೊತ್ತಿಕೊಳ್ಳೋಳು. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಬೀದಿಯಲ್ಲಿ ಅವಮಾನಕ್ಕೆ ಕಾರಣವಾದದ್ದೇ ಒಳಗೆ ಹಬ್ಬವಾಗಿರುತ್ತದಲ್ಲ, ಅಂಥ ಮನೆ. ಅದು ಇನ್ನೂ ನಿಂತಿದ್ದರೆ ಪುಣ್ಯವಂತರು ನೀವು.

ಅಪ್ಪ ಬಿಚ್ಚಾಣಿಕೆ ಕೆಲಸದವರು. ಕುದಿಯುವ ನೀರಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಎಳೆಯುವ ಕೆಲಸ. ಆ ಹಬೆ, ಬೆಂದ ಹುಳುವಿನ ನಾತ, ಎದೆಗೆ ಕೂತುಕೊಳ್ಳುತ್ತದೆ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪನ ಉಬ್ಬಸ ಮನೆಯ ಗೋಡೆಗಳಿಗೆಲ್ಲ ಪರಿಚಯವಾಗಿತ್ತು. ಮೆಟ್ಟಿಲು ಹತ್ತಿದರೆ ಸಾಕು, ಒಳಗೆ ಯಾರೋ ಸೀಟಿ ಊದಿದ ಹಾಗೆ. ತಾತ ಆಗ ಗುಣಮ್ಮನ ಇನ್ನೊಂದು ಅಡಿಗೆಯನ್ನು ಹಿಡಿದುಕೊಂಡರು. ಕೌಲ್ ಅಂತ ಅದರ ಹೆಸರು. ಕುರಿಯ ಮೂಳೆ, ಆಲೂಗಡ್ಡೆ, ಕ್ಯಾರೆಟ್ಟು, ಅವರ ಕಡೆಯ ದಂಟಿನ ಬದಲು ನಮ್ಮ ಈರುಳ್ಳಿ ಸೊಪ್ಪು. ಹಿಂದಿನ ದಿನ ಮಾಡಿಟ್ಟು, ಕೆನೆಗಟ್ಟಿದ ಕೊಬ್ಬು ತೆಗೆದು, ಮಾರನೇ ದಿನ ಕಾಯಿಸಿ ಕುಡಿಯುವ ಸಾರು. ಗಣಿಯ ದೂಳು ತುಂಬಿದ ಎದೆಗೆ ಅಲ್ಲಿ ಹೆಂಗಸರು ಇದನ್ನೇ ಕೊಡುತ್ತಿದ್ದರಂತೆ. ಕರಿ ಕಫ ಉಗುಳುವ ಗಂಡಸರಿಗೆ ಇದು ಔಷಧಿ ಅಂತ ಗುಣಮ್ಮ ಹೇಳಿದ್ದಳಂತೆ. ಅಷ್ಟು ಮಾತ್ರ ಹೇಳಿದ್ದಳು. ಆ ಗಂಡಸರು ಉಳಿದರೋ ಇಲ್ಲವೋ ಅಂತ ತಾತ ಕೇಳಿರಲಿಲ್ಲ. ಅಪ್ಪ ಪ್ರತಿ ಸಂಜೆ ಬಟ್ಟಲು ಎತ್ತಿ ಕುಡಿಯುತ್ತಿದ್ದರು. ಆಸ್ಪತ್ರೆಯಿಂದ ಆಸ್ಪತ್ರೆಗೆ, ಕೋಲಾರಕ್ಕೆ, ಬೆಂಗಳೂರಿಗೆ ಹೋಗಿ ಬಂದ ಮೇಲೂ ಕುಡಿದರು. ಕೊನೆಯ ಬೇಸಿಗೆಯಲ್ಲಿ ಬಟ್ಟಲನ್ನು ಮೂಗಿನ ಹತ್ತಿರ ತಂದು ಹಬೆ ಎಳೆದುಕೊಂಡು, ಹಾಗೇ ಕೆಳಗಿಟ್ಟರು. "ಹಬೆ ಸಾಕಪ್ಪ, ಜೀವಮಾನಕ್ಕಾಗೋಷ್ಟು ಕುಡಿದಿದೀನಿ" ಅಂದರು. ಸ್ವಲ್ಪ ದಿನಕ್ಕೆ, ಬಿಸಿಲು ನೆತ್ತಿಯ ಮೇಲಿರುವಾಗ, ಅಮ್ಮನ ತೋಳಿನಲ್ಲಿ ಉಸಿರು ನಿಂತಿತು. ಒಲೆಯ ಮೇಲೆ ಸಾರು ಇತ್ತು. ತಾತ ಎದ್ದು ಹೋಗಿ ಅದನ್ನು ಹಿತ್ತಲಿಗೆ ಚೆಲ್ಲಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ತಿಥಿಯ ದಿನ ದೊಡ್ಡಪ್ಪ ಆ ಮಾತು ಆಡಿದ್ದು ಯಾಕೆ ಅಂದರೆ, ನನ್ನನ್ನು ಓದು ಬಿಡಿಸಿ ಅಪ್ಪ ನಿಲ್ಲುತ್ತಿದ್ದ ಜಾಗಕ್ಕೆ ಕಳಿಸಬೇಕು, ಆಮೇಲೆ ಸಾದಲಿ ಕಡೆ ಗಂಡು ನೋಡೋಣ ಅನ್ನುವ ಮಾತು ಬಂದಿತ್ತು. ಅಮ್ಮ ಪಲ್ಯದ ಪಾತ್ರೆ ಹಿಡಿದು ನಿಂತಿದ್ದಳು. ಅಪ್ಪ ಬದುಕಿದ್ದಾಗ ನನ್ನ ಬಗ್ಗೆ ಆಡುತ್ತಿದ್ದದ್ದು ಒಂದೇ ಮಾತು: ಇವಳು ಡಿಗ್ರಿ ಮಾಡಬೇಕು, ಹಬೆ ಹತ್ರ ಬರಬಾರದು. ಅಮ್ಮ ಮೆಲ್ಲಗೆ, "ಭಾವ, ಎಲೆ ಮುಂದೆ ಕೂತಿದೀರ. ಊಟ ಮಾಡಿ. ಇವಳು ಓದ್ತಾಳೆ" ಅಂದಳು. ಮುಂದಿನ ಸೋಮವಾರ ಅಪ್ಪನ ಜಾಗದಲ್ಲಿ ಅವಳೇ ಹೋಗಿ ನಿಂತಳು. ಮನೆಯಲ್ಲಿ ಬಾರಾ ಬ್ರಿತ್ ಮಾಡುವುದು ನಿಂತಿತು. ಮುಂದಿನ ಸರದಿ ಅಪ್ಪನದಾಗಿತ್ತು. ಅದನ್ನು ಇನ್ನೊಬ್ಬರಿಗೆ ದಾಟಿಸುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಆಹಾರ ವಿಜ್ಞಾನದ ಬಿ.ಎಸ್ಸಿ.ಗೆ ಸೇರಿದೆ. ಸುದ್ದಿ ಕೇಳಿ ದೊಡ್ಡಪ್ಪ, "ಅಡಿಗೆ ಕಲಿಯೋಕೂ ಕಾಲೇಜಾ? ಕೊನೆಗೂ ಕುಸಿನಿಗೇ ಹೋದಳು ನೋಡು" ಅಂದರಂತೆ. ದಿನಾ ಶಿಡ್ಲಘಟ್ಟದ ಮೇಲಿಂದ ಬಸ್ಸು. ಗೂಡಿನ ಮೂಟೆಗಳ ನಡುವೆ ಕಾಲು ಮಡಿಸಿಕೊಂಡು ಓದಿದ್ದೇ ಓದು. ಪಾಠವೆಲ್ಲ ಇಂಗ್ಲಿಷು. ಮೊದಲ ಪರೀಕ್ಷೆಯಲ್ಲಿ ಬಿದ್ದೆ. ಮನೆಗೆ ಬಂದು ಮುಸುಕು ಹಾಕಿಕೊಂಡಾಗ ತಾತ ಗುಣಮ್ಮನ ಅಜ್ಜಿಯ ಕಥೆ ಹೇಳಿದರು. ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳ ಕೊರಳಿಗೆ ಮರದ ಹಲಗೆ ನೇತುಹಾಕುತ್ತಿದ್ದರಂತೆ, ಇಂಗ್ಲಿಷ್ ಆಡಲಿ ಅಂತ. "ಅಜ್ಜಿ ಆಮೇಲೆ ಏನಾದ್ಲು ತಾತ?" ಅಂದೆ. "ಏನಾಗ್ತಾಳೆ? ಮನೆಮಾತು ಅಡಿಗೆಮನೇಲಿ ಮಾತ್ರ ಆಡ್ಕೊಂಡಿದ್ಲಂತೆ. ಎದ್ದೇಳು, ಮುಖ ತೊಳ್ಕೋ" ಅಂದರು.

ಕೊನೆಯ ವರ್ಷ ಒಂದು ಪ್ರಾಜೆಕ್ಟು ಬರೆಯಬೇಕು, ನಮ್ಮ ಮನೆತನದ ಅಥವಾ ಊರಿನ ಯಾವುದಾದರೂ ಸಾಂಪ್ರದಾಯಿಕ ಆಹಾರದ ಮೇಲೆ. ಅದರಲ್ಲಿ ಪಾಸಾಗದೆ ಡಿಗ್ರಿ ಇಲ್ಲ. ಬೇರೆಯವರು ಮುದ್ದೆ, ಬಸ್ಸಾರು, ಅವರೆಕಾಳು ತೆಗೆದುಕೊಂಡರು. ನಾನು ಬ್ರಿಟಿಷ್ ಮತ್ತು ವೆಲ್ಷ್ ಊಟ ನಮ್ಮ ಕುಸಿನಿಗೆ ಬಂದ ಬಗೆಯನ್ನು ತೆಗೆದುಕೊಂಡೆ. ಗಣಿಯ ಡಬ್ಬಿ, ರೊಟ್ಟಿಹೆಂಚು, ಇಲ್ಲದ ಮೊಲ, ಪಾಚಿ, ಎಲ್ಲ ಬರೆದೆ. ಮುಖ್ಯ ಅಧ್ಯಾಯ ಮಾತ್ರ ಬಾರಾ ಬ್ರಿತ್ ಮೇಲೆ. ಆ ಹೆಸರಿನ ಅರ್ಥ ಹನ್ನೆರಡರ ಬ್ರೆಡ್ಡು, ಯೇಸುವಿನ ಹನ್ನೆರಡು ಶಿಷ್ಯರಿಗೆ ಒಂದೊಂದು ಪದಾರ್ಥ ಅಂತ ಕಾರಣವನ್ನೂ ನಾನೇ ಜೋಡಿಸಿದ್ದೆ. ಪುಸ್ತಕ, ಫೋನು ಎಲ್ಲ ಕೈಗೆ ಸಿಗುತ್ತಿದ್ದವು. ಆದರೆ ಹುಟ್ಟಿದಾಗಿನಿಂದ ಗೊತ್ತಿರುವ ಪದದ ಅರ್ಥವನ್ನು ಯಾರಾದರೂ ಹುಡುಕುತ್ತಾರೆಯೇ? ವೈವಾಗೆ ತೋರಿಸಲು ಒಂದು ಬ್ರೆಡ್ಡು ಬೇಕು ಅಂತ ತಾತನಿಗೆ ಹೇಳಿದೆ. ಆಗಲೇ ಅವರ ಕಾಲು ಊದಿಕೊಂಡಿದ್ದವು, ನಿಂತರೆ ತಲೆ ಸುತ್ತುತ್ತಿತ್ತು. ಆದರೂ ಗೋಡೆ ಹಿಡಿದು ಎದ್ದರು. ಹನ್ನೊಂದು ಬಿದ್ದ ಮೇಲೆ ಕೈ ಮೇಲೆತ್ತಿಕೊಂಡು ಅಮ್ಮನ ಮುಖ ನೋಡಿದರು, ಕೂಗಲಿಲ್ಲ. ಅಮ್ಮ ಒಳಗೆ ಹೋಗಿ ಒಂದು ಪೊಟ್ಟಣ ತಂದು ಕೊಟ್ಟಳು. ಹಿಪ್ಪುನೇರಳೆ ಹಣ್ಣು, ಒಣಗಿಸಿದ್ದು. ಯಾವಾಗ ಕಿತ್ತು ಒಣಗಿಸಿ ಇಟ್ಟಿದ್ದಳೋ ನನಗೆ ಗೊತ್ತಿಲ್ಲ.

ಪರೀಕ್ಷೆಗೆ ಬಂದ ಮೇಡಂ ಒಳ್ಳೆಯವರು. ಬ್ರೆಡ್ಡು ತಿಂದು, "ಬಹಳ ಚೆನ್ನಾಗಿದೆಯಮ್ಮ" ಅಂದರು. ಪ್ರಾಜೆಕ್ಟು ತಿರುವುತ್ತಾ ಒಂದು ಕಡೆ ನಿಂತರು. ಫೋನು ತೆಗೆದು ಏನೋ ನೋಡಿ, ನನ್ನ ಕಡೆ ತಿರುಗಿಸಿ ಹಿಡಿದರು. "ವೆಲ್ಷ್ ಭಾಷೇಲಿ ಬಾರಾ ಅಂದ್ರೆ ಬ್ರೆಡ್ಡು. ಬ್ರಿತ್ ಅಂದ್ರೆ ಚುಕ್ಕೆ ಚುಕ್ಕೆ ಇರೋದು. ದ್ರಾಕ್ಷಿ ಕಾಣುತ್ತಲ್ಲ, ಅದಕ್ಕೆ. ಹನ್ನೆರಡು ಎಲ್ಲಿಂದ ಬಂತು?" "ಖಾಲಾ ಹೇಳಿದ್ರು ಮೇಡಂ" ಅಂದೆ. ಕೊಠಡಿಯಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಅಧ್ಯಾಯ ಪೂರ್ತಿ ತಪ್ಪಿನ ಮೇಲೆ ನಿಂತಿದೆ, ಹೀಗೆಯೇ ಪಾಸು ಮಾಡಲು ಬರುವುದಿಲ್ಲ, ಒಂದು ತಿಂಗಳಲ್ಲಿ ಬೇರೆ ಬರೆದು ತಾ, ಇಲ್ಲದಿದ್ದರೆ ಈ ವರ್ಷ ಹೋಯಿತು ಅಂದರು. ಹೊರಗೆ ಬಂದು ಉಳಿದ ಬ್ರೆಡ್ಡನ್ನು ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಅದರ ವಾಸನೆಗೆ ಪಕ್ಕದ ಹೆಂಗಸು, "ಏನಮ್ಮ ಅದು, ಘಮ್ ಅಂತೈತೆ?" ಅಂದಳು. ಬ್ರೆಡ್ಡು ಅಂತ ಅಷ್ಟೇ ಹೇಳಿದೆ.

ತಾತ ಜಗಲಿಯ ಮೇಲೆ ಕಾದು ಕೂತಿದ್ದರು. ಏನಂದ್ರು ಅಂತ ಕೇಳಿದರು. ಸುಳ್ಳು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ, ಹೇಳಿಬಿಟ್ಟೆ. ಮೊದಲು ಅವರು ನಕ್ಕರು. "ಅಂದ್ರೆ ಇಷ್ಟು ವರ್ಷ ನಾವು ಬ್ರೆಡ್ಡು ಬ್ರೆಡ್ಡು ಅಂತ ಎರಡೆರಡು ಸಲ ಕರೀತಾ ಇದ್ವಾ?" ಅಮ್ಮನೂ ನಕ್ಕಳು. ಖಾಲಾಗೆ ಗೋಡೆಯ ಮೇಲಿಂದ ಕೂಗಿ ಹೇಳಿದೆ. "ಹಮಾರೆ ಚಿಂತಾಮಣಿ ಮೇ ತೋ ಬಾರಾ ಅಂದ್ರೆ ಬಾರಾನೇ, ಉನೋ ಲೋಗಾಂ ತಪ್ಪು ಕಲ್ತವರೆ" ಅಂತ ಅವಳು ಒಳಗಿನಿಂದಲೇ ತೀರ್ಪು ಕೊಟ್ಟಳು. ನಗು ಮುಗಿದ ಮೇಲೆ ತಾತನ ಮುಖ ಮೆಲ್ಲಗೆ ಬೇರೆಯಾಯಿತು. "ಗುಣಮ್ಮ ಯಾಕೆ ಹೇಳ್ಲಿಲ್ಲ?" ಅಂದರು. "ಅವಳ ಮುಂದೇನೇ ಎಣಿಸಿ ಎಣಿಸಿ ಹಾಕ್ತಿದ್ದೆ. ಏಕ್, ದೋ, ತೀನ್ ಅಂತ. ಹನ್ನೆರಡಾಯ್ತು ದೊರೆಸಾನಿ ಅಂತಿದ್ದೆ. ತಲೆ ಆಡಿಸ್ತಿದ್ಲು. ತಿಂತಿದ್ಲು. ಒಂದು ಮಾತು ಹೇಳೋಕೆ ಏನಾಗಿತ್ತು? ಅಡಿಗೆಯವನು ತಾನೇ, ಇವನಿಗ್ಯಾಕೆ ಅಂತ ಬಿಟ್ಲಾ?"

ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಹಟ್ಟಿಯ ಹೊರಗೆ ಎಲೆ ಹಾಕಿದ ಅಣ್ಣಂದಿರನ್ನು ಅವರು ಒಂದು ದಿನವೂ ಬೈದವರಲ್ಲ, ಈ ಜಗತ್ತಿನಲ್ಲಿ ತನ್ನನ್ನು ಮನುಷ್ಯನ ಹಾಗೆ ಕಂಡವಳು ಒಬ್ಬಳಿದ್ದಳು ಅನ್ನುವ ನಂಬಿಕೆ ಅವರಿಗೆ ಸಾಕಾಗಿತ್ತು. ಈಗ ಅದರಲ್ಲೂ ಬಿರುಕು. ಮಲಗಿದಲ್ಲಿಯೇ ಸೂರು ನೋಡುತ್ತಾ ಅದನ್ನೇ ಕೇಳೋರು. ನಾನು ನನಗೆ ತೋಚಿದ್ದು ಹೇಳಿದೆ: ಈ ಊರಲ್ಲಿ ಅವಳ ಮನೆಮಾತಿನ ಒಂದು ಪದ ಆಡೋರು ನೀವೊಬ್ರೇ ಇದ್ರಿ ತಾತ, ಅದನ್ನ ನಿಮ್ಮ ಬಾಯಲ್ಲಿ ಕೇಳೋದೇ ಸಾಕಾಗಿತ್ತೇನೋ, ತಿದ್ದೋಕೆ ಮನಸ್ಸು ಬಂದಿರಲ್ಲ. ತಾತ ನನ್ನ ಕಡೆ ತಿರುಗಿದರು. "ಓದಿದೋಳು, ಚೆನ್ನಾಗಿ ಹೇಳ್ತೀಯ" ಅಂದರು. ಒಪ್ಪಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿಜ ಏನು ಅನ್ನುವುದು ನನಗೂ ಗೊತ್ತಿಲ್ಲ. ಗೊತ್ತಿದ್ದವಳು ದೂರದ ದೇಶದಲ್ಲಿ ಯಾವತ್ತೋ ಮಣ್ಣು ಸೇರಿರಬೇಕು.

ಆ ತಿಂಗಳು ತಾತನ ಮಂಚದ ಪಕ್ಕದಲ್ಲೇ ಕೂತು ಅಧ್ಯಾಯವನ್ನು ಮತ್ತೆ ಬರೆದೆ. ಶಿಷ್ಯರನ್ನು ತೆಗೆದುಹಾಕಿದೆ. ವೇಲ್ಸಿನಲ್ಲಿ ಅದು ಚುಕ್ಕೆ ಬ್ರೆಡ್ಡು, ಚಿಂತಾಮಣಿಗೆ ಬಂದು ಉರ್ದುವಿನ ಕೈಗೆ ಸಿಕ್ಕಿ ಹನ್ನೆರಡಾಯಿತು, ಆ ತಪ್ಪಿನಿಂದಲೇ ಒಂದು ಮನೆಗೆ ತನ್ನದೇ ಆದ ಪದ್ಧತಿ ಹುಟ್ಟಿತು ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಒಂದೊಂದು ಪುಟ ಮುಗಿದಾಗಲೂ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಕೊನೆಕೊನೆಗೆ ಅವರು ಕೇಳುತ್ತಿದ್ದರೋ ನಿದ್ದೆ ಹೋಗಿದ್ದರೋ ತಿಳಿಯುತ್ತಿರಲಿಲ್ಲ. ಪ್ರಾಜೆಕ್ಟು ಒಪ್ಪಿಸಿ ಬಂದ ವಾರ ತಾತ ಹೋದರು. ಸಾದಲಿಯಿಂದ ಯಾರೂ ಬರಲಿಲ್ಲ. ದೊಡ್ಡಪ್ಪನಿಗೆ ಅಷ್ಟರಲ್ಲಿ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು. ನೋಡಲು ಹೋದಾಗ ನನ್ನನ್ನು ಗುರುತು ಹಿಡಿಯಲಿಲ್ಲ, ಯಾರೋ ಬಂದಿದ್ದಾರೆ ಅನ್ನುವ ಹಾಗೆ ಕೂರಲು ಕೈ ತೋರಿಸಿದರು. ಖಾಲಾ ಮನೆ ಮಾರಿಕೊಂಡು ಹಿಂದೂಪುರದ ಮಗಳ ಹತ್ತಿರ ಹೋದಳು, ಅಲ್ಲಿಯೇ ತೀರಿಕೊಂಡಳು ಅಂತ ಆಮೇಲೆ ಕೇಳಿದೆವು. ನಾವಿದ್ದದ್ದು ಬಾಡಿಗೆಗೆ, ಮನೆಯ ಮಾಲೀಕರು ಕೆಡವುತ್ತೇವೆ ಅಂದರು. ಅಮ್ಮ ಮತ್ತು ನಾನು ಎರಡು ಕೋಣೆಯ ಮನೆಯೊಂದಕ್ಕೆ ಸಾಮಾನು ಹೊತ್ತುಕೊಂಡು ಹೋದೆವು. ಈಗ ಆ ಹಿತ್ತಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ.

ಪಾಸಾದೆ. ಡಿಗ್ರಿ ಸರ್ಟಿಫಿಕೇಟು ಬಂದಿದೆ ಅಂತ ಕಾಲೇಜಿನಿಂದ ಫೋನು ಬಂದ ದಿನ ಅಮ್ಮ ಕೆಲಸಕ್ಕೆ ರಜೆ ಹಾಕಿದಳು. ಅವಳು ಚಿಕ್ಕಬಳ್ಳಾಪುರದ ಆ ಕಾಲೇಜನ್ನು ನೋಡಿದ್ದು ಅದೇ ಮೊದಲು. ಗೇಟಿನ ಹತ್ತಿರ ಚಪ್ಪಲಿ ಬಿಡಲು ಹೋದಳು, ನಾನು ಬೇಡ ಅಂದೆ. ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ಸಹಿ ಹಾಕಿಸಿಕೊಂಡು, ದಪ್ಪ ಕಾಗದವನ್ನು ಹೊರಕ್ಕೆ ನೂಕಿ, "ಮುಂದಿನವರು" ಅಂದರು. ಅಷ್ಟೇ ಆಗಿದ್ದು. ಕಾರಿಡಾರಿನ ಬೆಂಚಿನ ಮೇಲೆ ಕೂತು ಅದನ್ನು ಅಮ್ಮನ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, ಅಂಚುಗಳನ್ನು ಮಾತ್ರ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿದಳು. ನನ್ನ ಹೆಸರು ಎಲ್ಲಿದೆ ಅಂತ ಕೇಳಿದಳು, ತೋರಿಸಿದೆ. ಕಾರಿಡಾರಿನಲ್ಲಿ ಬೇರೆಯವರ ಮನೆಮಂದಿ ಗುಂಪುಗುಂಪಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಮ್ಮ ಅವರನ್ನೂ ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಕಾಗದವನ್ನು ನನ್ನ ಮಡಿಲಿಗಿಟ್ಟು ಹೇಳಿದಳು:

"ಚೆನ್ನಾಗೈತೆ ಕಣೇ. ಈಗ ಯಾರಿಗೆ ತೋರ್ಸಣ?"